ಹತ್ತೂವರೆ ಅಡಿ ಪೈಪು

ನಮ್ಮ ಮನೆಗಳಲ್ಲಿ ನಲವತ್ತು ದಾಟಿದ ಹೆಂಗಸು ಹೊಸದಾಗಿ ಏನು ಮಾಡಲು ಹೊರಟರೂ 'ಯಾಕೆ?' ಎಂಬ ಪ್ರಶ್ನೆ ಎದುರಾಗುತ್ತದೆ. 'ಡಾಕ್ಟರು ಹೇಳಿದ್ದಾರೆ' ಎಂದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಹಾಗಲಕಾಯಿಯ ರಸ ಕುಡಿಯಬಹುದು, ಮೆಂತ್ಯ ನುಂಗಬಹುದು, ನಸುಕಿನಲ್ಲೆದ್ದು ರಸ್ತೆಯಲ್ಲಿ ಬಿರಬಿರನೆ ನಡೆಯಬಹುದು. 'ನನಗೆ ಖುಷಿಯಾಗುತ್ತದೆ' ಎಂದು ಮಾತ್ರ ಹೇಳುವಂತಿಲ್ಲ. ಹೂಲಾ ಹೂಪ್ ಎಂಬ ದೊಡ್ಡ ಬಳೆ ನಮ್ಮ ಮನೆಗೆ ಬಂದದ್ದೂ ಸಕ್ಕರೆ ಕಾಯಿಲೆಯ ಬೆರಳು ಹಿಡಿದುಕೊಂಡೇ. ರಕ್ತ ಪರೀಕ್ಷೆಯಲ್ಲಿ ನನ್ನ ಸಕ್ಕರೆ ಗಡಿರೇಖೆಯ ಮೇಲೆ ನಿಂತಿತ್ತು. ಸೊಂಟದ ಸುತ್ತಳತೆ ಇಳಿಯಲಿ ಎಂದು ವೈದ್ಯರು ಹೇಳಿದ್ದರು. ಹೇಗೆ ಇಳಿಸಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಳನೆಯ ತರಗತಿಯವರೆಗೆ ನಾನು ಓದಿದ ಉರ್ದು ಶಾಲೆಯಲ್ಲಿ 'ರಿಂಗು' ಎಂದರೆ ಟೆನ್ನಿಕಾಯಿಟ್ ಆಟದ ರಬ್ಬರ್ ಬಳೆ. ಕನ್ನಡ ಹೈಸ್ಕೂಲು ಸೇರಿದ ಮೇಲೆ ಅದೂ ಕೈಬಿಟ್ಟಿತು. ಆಟದ ಪೀರಿಯಡ್ಡಿನಲ್ಲಿ ಹುಡುಗರು ಮೈದಾನದಲ್ಲಿ, ನಾವು ಮರದ ನೆರಳಿನಲ್ಲಿ. ಆ ನೆರಳಿನಿಂದ ಎದ್ದು ಬರಲು ಮೂವತ್ತು ವರ್ಷ ಹಿಡಿಯಿತು.

ಸೊಂಟದ ಸುತ್ತ ತಿರುಗುವ ಈ ಪ್ಲಾಸ್ಟಿಕ್ ರಿಂಗು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಕ್ಯಾಲಿಫೋರ್ನಿಯಾದ ವ್ಯಾಮ್-ಓ ಕಂಪೆನಿಯ ರಿಚರ್ಡ್ ನೆರ್ ಮತ್ತು ಆರ್ಥರ್ ಮೆಲಿನ್ ಎಂಬ ಗೆಳೆಯರು ಅದನ್ನು ಕೆಲವೇ ತಿಂಗಳುಗಳಲ್ಲಿ ಕೋಟಿಗಟ್ಟಲೆ ಮಾರಿದರು. ಅದಕ್ಕೂ ಮೊದಲೇ ಆಸ್ಟ್ರೇಲಿಯಾದಲ್ಲಿ ಬಿದಿರಿನ ಬಳೆ ತಿರುಗಿಸುವ ಆಟವಿತ್ತು. ಅಲ್ಲಿಂದ ಅಮೆರಿಕಕ್ಕೆ ಮದುವೆಯಾಗಿ ಹೋಗಿದ್ದ ಜೋನ್ ಆಂಡರ್ಸನ್ ಎಂಬಾಕೆ ಅಂಥದೊಂದು ಬಳೆಯನ್ನು ತರಿಸಿಕೊಂಡು, ಹವಾಯಿ ದ್ವೀಪದ ನೃತ್ಯದ ನೆನಪಿನಲ್ಲಿ 'ಹೂಲಾ' ಎಂದು ಕರೆದು, ಕಂಪೆನಿಯವರಿಗೆ ತೋರಿಸಿದ್ದರಂತೆ. 2018ರಲ್ಲಿ ಬಂದ 'ಹೂಲಾ ಗರ್ಲ್' ಎಂಬ ಸಾಕ್ಷ್ಯಚಿತ್ರದಲ್ಲಿ, ತೊಂಬತ್ತು ದಾಟಿದ ಆ ಅಜ್ಜಿ ಈ ಕತೆಯನ್ನು ಹೇಳುತ್ತಾರೆ. ಲಾಭ ಯಾರ ಜೇಬು ಸೇರಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಂಗಡಿಗೆ ಹೋದರೆ ಒಂದೇ ಬಗೆಯ ರಿಂಗು ಸಿಗುವುದಿಲ್ಲ. ಒಂದು, ಸೊಂಟಕ್ಕೆ ಬೆಲ್ಟಿನಂತೆ ಬಿಗಿದುಕೊಳ್ಳುವುದು. ಅದಕ್ಕೆ ನೇತುಹಾಕಿದ ಗುಂಡೊಂದು ನಮ್ಮ ಸುತ್ತ ತಿರುಗುತ್ತದೆ. ಕೆಳಗೆ ಬೀಳುವುದೇ ಇಲ್ಲ ಎಂಬುದು ಅದರ ಹೆಗ್ಗಳಿಕೆ. ತಮ್ಮನ ಹೆಂಡತಿ ತರಿಸಿದ್ದನ್ನು ನಾನೂ ಕಟ್ಟಿಕೊಂಡು ನೋಡಿದೆ. ಗಾಣದ ಎತ್ತು ಸುತ್ತುತ್ತದೆ, ಇಲ್ಲಿ ಗಾಣವೇ ಸುತ್ತುತ್ತದೆ, ಅಷ್ಟೇ ವ್ಯತ್ಯಾಸ. ಬೀಳುವ ಭಯವಿಲ್ಲದ ಮೇಲೆ ಅದು ಆಟ ಹೇಗಾದೀತು?

ಎರಡನೆಯದು ಸ್ಪಂಜು ಸುತ್ತಿದ ಭಾರದ ರಿಂಗು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2019ರಲ್ಲಿ ಹೆಲ್ಸಿಂಕಿಯ ಸಂಶೋಧಕರು ತೂಕ ಹೆಚ್ಚಿದ್ದ 53 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರೆಲ್ಲ ಆರು ವಾರ ದಿನಕ್ಕೆ ಸುಮಾರು 13 ನಿಮಿಷ ಒಂದೂವರೆ ಕಿಲೋದ ರಿಂಗನ್ನು ತಿರುಗಿಸಿದರು, ಇನ್ನಾರು ವಾರ ದಿನಕ್ಕೆ ಸುಮಾರು ಹತ್ತು ಸಾವಿರ ಹೆಜ್ಜೆ ನಡೆದರು. ರಿಂಗಿನ ವಾರಗಳಲ್ಲಿ ಸೊಂಟ ಸರಾಸರಿ 3 ಸೆಂಟಿಮೀಟರಿನಷ್ಟು ಇಳಿಯಿತು, ನಡಿಗೆಯಲ್ಲಿ ಒಂದು ಸೆಂಟಿಮೀಟರೂ ಇಳಿಯಲಿಲ್ಲ. ಹಾಗೆಂದು ನಡಿಗೆಯನ್ನು ಬಿಟ್ಟುಬಿಡಬೇಡಿ. ರಕ್ತದ ಒತ್ತಡ ತಗ್ಗಿದ್ದು ನಡಿಗೆಯಿಂದಲೇ. ಭಾರದ ರಿಂಗು ಮೊದಮೊದಲು ಪಕ್ಕೆಯ ಮೇಲೆ ನೀಲಿ ಬಾಸುಂಡೆ ಏಳಿಸುತ್ತದೆ. ಬೆನ್ನು ನೋವಿನವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟದಿರುವುದೇ ಒಳ್ಳೆಯದು.

ಮೂರನೆಯದು ಹಗುರ ಪೈಪಿನ ರಿಂಗು. ಸೊಂಟದಿಂದ ಎದೆಗೆ, ಎದೆಯಿಂದ ಕೈಗೆ, ಕೈಯಿಂದ ತಲೆಯ ಮೇಲಕ್ಕೆ ಹೋಗಿ ಮತ್ತೆ ಸೊಂಟಕ್ಕೆ ಇಳಿಯುವಂಥದು. 2020ರಲ್ಲಿ ದೆಹಲಿಯ ಎಶ್ನಾ ಕುಟ್ಟಿ ಎಂಬ ಯುವತಿ ಸೀರೆಯುಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ತೊಟ್ಟು ರಿಂಗು ಆಡಿದ ವೀಡಿಯೋ ದೇಶವೆಲ್ಲ ಸುತ್ತಿತು. ನಮ್ಮ ಮನೆಯ ವಾಟ್ಸಾಪಿಗೂ ಬಂತು. ಮಕ್ಕಳು ಬೆರಗಾದರು. ನಾನು ನೋಡಿದ್ದು ಆಕೆಯ ಮುಖವನ್ನು. ಅಲ್ಲಿ ಕ್ಯಾಲೊರಿಯ ಲೆಕ್ಕ ಕಾಣಲಿಲ್ಲ.

ನಾನು ಆರಿಸಿಕೊಂಡದ್ದು ಈ ಮೂರನೆಯದನ್ನು. ರಿಂಗನ್ನು ನೆಲದ ಮೇಲೆ ನಿಲ್ಲಿಸಿದರೆ ಅದರ ನೆತ್ತಿ ಹೊಕ್ಕುಳಿಗಿಂತ ತುಸು ಮೇಲೆ ಬರಬೇಕು. ರಿಂಗು ದೊಡ್ಡದಾದಷ್ಟೂ ನಿಧಾನವಾಗಿ ತಿರುಗುತ್ತದೆ, ಕಲಿಯುವವರಿಗೆ ಪುರುಸೊತ್ತು ಕೊಡುತ್ತದೆ. ಆಟಿಕೆ ಅಂಗಡಿಯ ಮಕ್ಕಳ ರಿಂಗು ತಂದು, ಮೂರು ಸುತ್ತಿಗೆ ಬಿತ್ತೆಂದು 'ನಮ್ಮ ಮೈಗೆ ಇದು ಒಗ್ಗುವುದಿಲ್ಲ' ಎಂದು ತೀರ್ಮಾನಿಸಿದ ಹೆಂಗಸರು ಬೇಕಾದಷ್ಟಿದ್ದಾರೆ. ಅದು ಅವರ ಮೈಯ ದೋಷವಲ್ಲ, ರಿಂಗಿನ ಅಳತೆಯದು. ನನ್ನ ಎತ್ತರಕ್ಕೆ 40 ಅಂಗುಲ ಅಗಲದ ರಿಂಗು, ಎಂದರೆ ಹತ್ತೂವರೆ ಅಡಿ ಪೈಪು ಬೇಕಾಯಿತು. ನೀರಾವರಿ ಸಾಮಾನಿನ ಅಂಗಡಿಗೆ ಹೋಗಿ ಮುಕ್ಕಾಲು ಇಂಚಿನ ಕಪ್ಪು ಪೈಪು ಅಷ್ಟು ಕೊಡಿ ಎಂದರೆ, ಅಂಗಡಿಯವರು 'ಎಷ್ಟು ಎಕರೆ ತೋಟ ಅಮ್ಮಾ?' ಎಂದರು. ತುದಿಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಜಾಯಿಂಟು ತುರುಕಿದೆ, ಮೇಲೆ ಬಟ್ಟೆಯ ಟೇಪು ಸುತ್ತಿದೆ. ಟೇಪು ಅಲಂಕಾರಕ್ಕಲ್ಲ, ಹಿಡಿತಕ್ಕೆ. ನುಣುಪಾದ ನೈಲಾನ್ ನೈಟಿಯ ಮೇಲೆ ರಿಂಗು ಜಾರುತ್ತದೆ, ಹತ್ತಿಯ ಚೂಡಿದಾರದ ಮೇಲೆ ಕೂರುತ್ತದೆ.

ತಿರುಗಿಸುವುದರಲ್ಲೂ ಒಂದು ಗುಟ್ಟಿದೆ. ರಿಂಗು ದುಂಡಗೆ ತಿರುಗುತ್ತದೆಂದು ನಾವೂ ಸೊಂಟವನ್ನು ದೊಡ್ಡದಾಗಿ ದುಂಡಗೆ ತಿರುಗಿಸಲು ಹೋಗಬಾರದು. ಒಂದು ಕಾಲು ಮುಂದಿಟ್ಟು, ಹೊಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ನೂಕಿದರೆ ಸಾಕು. ರಿಂಗು ಬೆನ್ನಿಗೆ ತಾಗಿದಾಗೊಮ್ಮೆ, ಹೊಟ್ಟೆಗೆ ತಾಗಿದಾಗೊಮ್ಮೆ. ಇಳಿಯತೊಡಗಿದರೆ ಮೊಣಕಾಲು ತುಸು ಬಾಗಿಸಿ ವೇಗ ಹೆಚ್ಚಿಸಬೇಕು. ಇದೇನು ಮಹಾ ವಿದ್ಯೆ ಎನ್ನುವವರಿಗೆ ಒಂದು ಸುದ್ದಿ: ಹೂಲಾ ಹೂಪ್ ತಿರುಗಿಸುವಾಗ ಸೊಂಟ, ಮೊಣಕಾಲು, ಪಾದಗಳು ಹೇಗೆ ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದು ಲೆಕ್ಕ ಹಾಕಿದ ರಮೇಶ್ ಬಾಲಸುಬ್ರಮಣಿಯಂ ಮತ್ತು ಮೈಕೆಲ್ ಟರ್ವಿ ಅವರಿಗೆ 2004ರಲ್ಲಿ ಭೌತವಿಜ್ಞಾನದ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಸೊಂಟದಲ್ಲಿ ತಿರುಗುವವರೆಗೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಅದು 'ಎಕ್ಸರ್‌ಸೈಜು'. ರಿಂಗು ಕೈಗೆ ಬಂದು, ತಲೆಯ ಮೇಲೇರಿ, ನನ್ನ ಕಾಲುಗಳೂ ತಮ್ಮಷ್ಟಕ್ಕೆ ಹೆಜ್ಜೆ ಹಾಕತೊಡಗಿದ ದಿನ ಅತ್ತೆ ಮಾಳಿಗೆಯ ಮೆಟ್ಟಿಲ ಬಳಿ ನಿಂತು, 'ಏ ಉಮರ್ ಮೇ ನಾಚ್ನಾ ಕ್ಯಾ?' ಎಂದರು. ಈ ವಯಸ್ಸಿನಲ್ಲಿ ಕುಣಿತವೇ ಎಂದು. ಸಕ್ಕರೆಯ ಹೆಸರು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ಹೇಳಲು ಮನಸ್ಸಾಗಲಿಲ್ಲ. 'ಹೂಂ ಅಮ್ಮಾ, ಮಜಾ ಬರುತ್ತೆ' ಎಂದೆ. ಅವರು ಕೆಳಗಿಳಿದು ಹೋದರು. ಎರಡು ದಿನ ಮಾತು ಕಡಿಮೆಯಾಯಿತು. ನಾನು ನಿಲ್ಲಿಸಲಿಲ್ಲ. ಪಕ್ಕದ ಮನೆಯ ಶಾರದಕ್ಕ ಬಟ್ಟೆ ಒಣಗಿಸುವ ನೆಪದಲ್ಲಿ ತಮ್ಮ ಮಾಳಿಗೆಗೆ ಬಂದು ನಿಲ್ಲುತ್ತಿದ್ದರು. ಅವರ ಅತ್ತೆಯೂ ಅದೇ ಮಾತನ್ನು ಕನ್ನಡದಲ್ಲಿ ಹೇಳಿದರಂತೆ.

ಭಾರದ ರಿಂಗು ತಿರುಗಿಸಿದ್ದರೆ ಸೊಂಟ ಬೇಗ ಇಳಿಯುತ್ತಿತ್ತೇನೋ. ಆದರೆ ನಾನು ಅದನ್ನು ಹಿಡಿದಾಗಲೆಲ್ಲ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಹಗುರ ರಿಂಗಿನಲ್ಲಿ ದಿನಕ್ಕೊಂದು ಕಲಿಯುವುದಿರುತ್ತದೆ. ನಿನ್ನೆ ಬಲಕ್ಕೆ ಬಂದದ್ದು ಇವತ್ತು ಎಡಕ್ಕೆ ಬರುವುದಿಲ್ಲ. ಕೈಯಿಂದ ಸೊಂಟಕ್ಕೆ ಬೀಳದಂತೆ ಇಳಿಸಲು ನನಗೆ ಹದಿನೇಳು ದಿನ ಬೇಕಾಯಿತು. ಮಗ್ರಿಬ್‌ಗೆ ಮೊದಲು ಬಿಡುವು ಸಿಗುವ ಆ ಇಪ್ಪತ್ತು ನಿಮಿಷದಲ್ಲಿ ಕತೆಯ ನೆನಪೂ ಬರುವುದಿಲ್ಲ, ಕುಕ್ಕರಿನ ನೆನಪೂ ಬರುವುದಿಲ್ಲ.

ಅತ್ತೆಗೆ ಎರಡೂ ಮೊಣಕಾಲು ನೋವು, ಅವರು ನಿಂತು ಆಡುವಂತಿಲ್ಲ. ಆದರೆ ರಿಂಗನ್ನು ಬರೇ ಮುಂಗೈಯಲ್ಲಿ ತಿರುಗಿಸುವುದೂ ಒಂದು ಬಗೆ, ಅದಕ್ಕೆ ಮಕ್ಕಳ ಚಿಕ್ಕ ರಿಂಗೇ ಸರಿ. ಮಗಳು ಮೊನ್ನೆ ತನ್ನ ಹಳೆಯ ಕೆಂಪು ರಿಂಗನ್ನು ತಂದು, ಮಾಳಿಗೆಯಲ್ಲಿ ಕುರ್ಚಿ ಹಾಕಿ, 'ದಾದಿಮಾ, ಕೈ ಪಕ್ಕಕ್ಕೆ ಚಾಚಿ' ಎಂದಳು. ಅವರು ಅತ್ತಿತ್ತ ನೋಡಿದರು. ಶಾರದಕ್ಕನ ಮಾಳಿಗೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬಲಗೈಯ ಬಳೆಗಳನ್ನು ಒಂದೊಂದಾಗಿ ಬಿಚ್ಚಿ, ನನ್ನ ದುಪಟ್ಟಾದ ಸೆರಗಿಗೆ ಹಾಕಿ, ಕೈ ಚಾಚಿದರು.