ಗಾಡಿಗೂ ಒಂದು ಸೋಸುಬಟ್ಟೆ

ಅಕ್ಕಿಯ ಕಲ್ಲು ಆರಿಸುವುದು, ಹಿಟ್ಟು ಜರಡಿ ಹಿಡಿಯುವುದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡ ತುಂಬುವುದು, ಇವನ್ನೆಲ್ಲ ನಮಗೆ ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ. ಹೊಟ್ಟೆಗೆ ಹೋಗುವುದು ಶುದ್ಧವಾಗಿರಬೇಕೆಂದು ಹೆಂಗಸರಿಗೆ ಬೇರೆ ಹೇಳಬೇಕೆ? ಆದರೆ ಮನೆಗೆ ಅನ್ನ ತರುವ ಗಾಡಿಯ ಹೊಟ್ಟೆಗೆ ಏನು ಹೋಗುತ್ತಿದೆಯೆಂದು ನಮ್ಮಲ್ಲಿ ಎಷ್ಟು ಜನ ಯೋಚಿಸುತ್ತೇವೆ? "ಇವಳೇನಪ್ಪ, ಅಡುಗೆ ಹೊಲಿಗೆ ಬಿಟ್ಟು ಡೀಸೆಲ್ ಪುರಾಣ ತೆಗೆದಳು" ಎಂದು ಪುಟ ಮಗುಚಬೇಡಿ. ನಿಮ್ಮ ಮನೆಯಲ್ಲೂ ಪಿಕಪ್ಪೋ ಟ್ರ್ಯಾಕ್ಟರೋ ಇದ್ದರೆ, ಇದು ನಿಮ್ಮ ಒಡವೆಯ ಡಬ್ಬಿಗೆ ಸಂಬಂಧಪಟ್ಟ ವಿಷಯ.

ನಮ್ಮದು ತೀರ್ಥಹಳ್ಳಿ ಸೀಮೆ. ನಮ್ಮನೆಯವರು ಹದಿನೈದು ವರ್ಷ ಬೇರೆಯವರ ಗಾಡಿ ಓಡಿಸಿ, 2019ರಲ್ಲಿ ಸ್ವಂತಕ್ಕೆಂದು ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ತೆಗೆದುಕೊಂಡರು. ಇಲ್ಲಿಂದ ಬಾಳೆಕಾಯಿ, ತರಕಾರಿ ತುಂಬಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದು, ಬರುವಾಗ ತೆಂಗಿನಕಾಯಿ ಹೇರಿಕೊಂಡು ಬರುವುದು. ಸಾಲದ ಕಂತು, ಮಗನ ಕಾಲೇಜಿನ ಫೀಸು, ಅತ್ತೆಯವರ ಔಷಧಿ, ಎಲ್ಲವೂ ಆ ನಾಲ್ಕು ಚಕ್ರದ ಮೇಲೇ.

2021ರ ಸೆಪ್ಟೆಂಬರಿನ ಒಂದು ಸಂಜೆ, ಕಾಯಿ ತುಂಬಿದ ಗಾಡಿ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಒಂಬತ್ತನೆಯದಕ್ಕೆ ಬಂದಾಗ ಏದುಸಿರು ಬಿಟ್ಟು ನಿಂತೇಬಿಟ್ಟಿತು. ಅದಕ್ಕೂ ಎರಡು ದಿನ ಮೊದಲೇ ಎದುರಿನ ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತ್ತಂತೆ. "ಏನೋ ವೈರಿಂದು ಇರಬೇಕು" ಅಂದುಕೊಂಡು ಇವರು ಓಡಿಸಿದ್ದರು. ಗಾಡಿಯನ್ನು ಎಳೆಸಿಕೊಂಡು ಬಂದು ಗ್ಯಾರೇಜಿನಲ್ಲಿ ಬಿಚ್ಚಿಸಿದರೆ, ಟ್ಯಾಂಕಿನ ತಳದಲ್ಲಿ ನೀರು! ಅದರ ಮೇಲೆ ಪಾಚಿಯಂಥ ಕಪ್ಪು ಲೋಳೆ. ನಾಲ್ಕು ಇಂಜೆಕ್ಟರುಗಳಲ್ಲಿ ಎರಡು ಹಾಳು. ಬಿಲ್ಲು ನಲವತ್ತಾರು ಸಾವಿರ. ನನ್ನ ಎರಡು ಬಳೆ ಸೊಸೈಟಿಯ ಬೀರು ಸೇರಿದವು.

ಬಳೆ ಹೋದದ್ದಕ್ಕಿಂತ ನನಗೆ ಭಯವಾದದ್ದು ಇವರ ಮಾತು ಕೇಳಿ. ರಾತ್ರಿ ಊಟಕ್ಕೆ ಕೂತವರು, "ಗಾಡಿ ಮಾರಿಬಿಡ್ತೀನಿ ಕಣೆ. ಮತ್ತೆ ಯಾರದ್ದಾದರೂ ಗಾಡಿಗೆ ಡ್ರೈವರ್ ಆಗಿ ಹೋಗ್ತೀನಿ. ಬಂಕಿನವರು ನೀರು ಹಾಕಿ ಕೊಟ್ಟರೆ ನಾನೇನು ಮಾಡಲಿ?" ಅಂದರು. ಹದಿನೈದು ವರ್ಷದ ಕನಸು ಎರಡು ಲೋಟ ನೀರಿಗೆ ಮುಳುಗಿಹೋಗುವುದೇ? "ಮಾರುವುದು ಆಮೇಲೆ. ಮೊದಲು ನೀರು ಹೇಗೆ ಬಂತು, ಬಂದರೆ ತಡೆಯುವುದು ಹೇಗೆ, ಕೇಳಿಕೊಂಡು ಬರೋಣ" ಎಂದು ಮರುದಿನ ಇವರ ಹಿಂದೆಯೇ ಗ್ಯಾರೇಜಿಗೆ ಹೋದೆ. ಅಲ್ಲಿದ್ದ ನಾಲ್ಕು ಗಂಡಸರು ನನ್ನನ್ನು ನೋಡಿದ ನೋಟ ಇರಲಿ. ಮೆಕ್ಯಾನಿಕ್ ಹುಡುಗ ಒಳ್ಳೆಯವನು, ಸ್ಟೂಲು ಹಾಕಿ ಕೂರಿಸಿ ಹೇಳಿದ.

"ಅಕ್ಕಾ, ನಿಮ್ಮ ಕುಕ್ಕರಿನೊಳಗೆ ಹೆಚ್ಚೆಂದರೆ ಒಂದು ಬಾರ್ ಒತ್ತಡ ಇರ್ತದೆ. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ 1600 ಬಾರ್ ಆಸುಪಾಸು. ಹಳೇ ಗಾಡಿಗಳಲ್ಲಿ ಇಂಜೆಕ್ಟರು ಇನ್ನೂರು ಬಾರಿಗೇ ತೆರೆದುಕೊಳ್ತಿತ್ತು. ಅವು ಸ್ವಲ್ಪ ಕಸ ಇದ್ದರೂ ಸಹಿಸ್ತಿದ್ದವು, ಇವು ಸಹಿಸೋದಿಲ್ಲ" ಅಂದ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಇಂಜೆಕ್ಟರಿನೊಳಗೆ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಮಾತ್ರವಂತೆ! ಅಲ್ಲಿಗೆ ಕಣ್ಣಿಗೆ ಕಾಣದ ಧೂಳು ಹೋದರೂ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ ಸವೆಯುತ್ತದೆ.

ನೀರು ಅದಕ್ಕಿಂತ ಕೆಟ್ಟದ್ದು. ಪಂಪಿಗೂ ಇಂಜೆಕ್ಟರಿಗೂ ಬೇರೆ ಎಣ್ಣೆ ಹಾಕುವುದಿಲ್ಲ, ಹರಿಯುವ ಡೀಸೆಲ್ಲೇ ಅವಕ್ಕೆ ಜಿಡ್ಡು. ಅಲ್ಲಿಗೆ ನೀರು ಬಂದರೆ ಜಿಡ್ಡು ತಪ್ಪಿ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಹೇಗೆ ಚಟಾರೆಂದು ಸಿಡಿಯುತ್ತದೋ, ಇಂಜೆಕ್ಟರಿನ ಬಿಸಿ ತುದಿಯಲ್ಲೂ ನೀರು ಹಾಗೆಯೇ ಆವಿಯಾಗಿ ಪೆಟ್ಟು ಕೊಡುತ್ತದೆ. ಲೋಳೆಯ ಕಥೆಯೂ ತಿಳಿಯಿತು. ನೀರಿಗೂ ಡೀಸೆಲ್ಲಿಗೂ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಅವು ಬಿಟ್ಟದ್ದೇ ಆ ಲೋಳೆ. ಉಪ್ಪಿನಕಾಯಿಯ ಜಾಡಿಗೆ ನೀರು ಸೇರಿದರೆ ಬೂಸಲು ಬರುವುದಿಲ್ಲವೇ?

"ಹಾಗಾದರೆ ಕಂಪನಿಯವರು ಫಿಲ್ಟರು ಇಟ್ಟಿಲ್ಲವಾ?" ಎಂದೆ. ಇದೆ, ನೀರು ಹಿಡಿಯುವ ಸಣ್ಣ ಬಟ್ಟಲೂ ಅದರಲ್ಲೇ ಇದೆ. ನೀರು ತುಂಬಿದರೆ ಹಳದಿ ದೀಪ ಹತ್ತಿಸುವ ಸೆನ್ಸರೂ ಇದೆ. ಆದರೆ ನಮ್ಮ ಮಲೆನಾಡಿನ ತೇವಕ್ಕೆ, ಧೂಳಿನ ರಸ್ತೆಗೆ ಆ ಒಂದೇ ಸಾಲದು ಎಂದು ಅವನ ಅಭಿಪ್ರಾಯ. ಟ್ರ್ಯಾಕ್ಟರುಗಳಲ್ಲಿ ಮೊದಲಿನಿಂದಲೂ ಎರಡು ಫಿಲ್ಟರು ಇರುತ್ತವೆ. ಹಾಗೆ ನಮ್ಮ ಗಾಡಿಗೂ ಟ್ಯಾಂಕಿಗೂ ಕಂಪನಿಯ ಫಿಲ್ಟರಿಗೂ ನಡುವೆ, ಒಳಗಿನದು ಕಣ್ಣಿಗೆ ಕಾಣುವ ಬಟ್ಟಲಿರುವ ವಾಟರ್ ಸೆಪರೇಟರ್ ಒಂದನ್ನು ಕೂರಿಸಬಹುದು ಎಂದ. ಖರ್ಚು ನಾಲ್ಕು ಸಾವಿರ ಚಿಲ್ಲರೆ.

"ಕಂಪನಿ ಇಂಜಿನಿಯರಿಗಿಂತ ನೀನು ಬುದ್ಧಿವಂತಳೇನೆ?" ಎಂದು ಇವರು. "ಅವರು ಇಡೀ ದೇಶಕ್ಕೆ ಗಾಡಿ ಮಾಡಿದ್ದಾರೆ. ನಾವು ಆಗುಂಬೆಯ ಮಳೆಯಲ್ಲಿ ಓಡಿಸ್ತೀವಿ. ಕಾಫಿ ಸೋಸುವಾಗ ಜಾಲರಿ ಸಾಲದೆ ಬಟ್ಟೆ ಹಾಕ್ತೀವಲ್ಲ, ಹಾಗೆ" ಎಂದೆ. ಡಬ್ಬಿಯಲ್ಲಿ ನಾನು ಕೂಡಿಟ್ಟ ದುಡ್ಡೇ ಹೋಯಿತು, ಅದಕ್ಕೇ ಇವರು ಹೆಚ್ಚು ಮಾತಾಡಲಿಲ್ಲ!

ಆ ಬಟ್ಟಲು ಕೆಲಸ ಮಾಡುವ ಬಗೆ ಚೆಂದ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ನೀರು ಒಂದು ಕಿಲೋ. ಹಾಗಾಗಿ ನೀರು ಕೆಳಗಿಳಿಯುತ್ತದೆ. ಡೀಸೆಲ್ಲಿನಲ್ಲಿ ಚದುರಿದ ಸಣ್ಣ ಸಣ್ಣ ಹನಿಗಳು ಫಿಲ್ಟರಿನ ಪದರಕ್ಕೆ ತಾಗಿ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗೂಡುವ ಹಾಗೆ, ಒಂದಕ್ಕೊಂದು ಕೂಡಿ ದೊಡ್ಡದಾಗಿ ತಳಕ್ಕೆ ಬೀಳುತ್ತವೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ ನೋಡಿ, ಆ ಗುಣದ ಪದರ ಅದು. ಡೀಸೆಲ್ಲನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ತಳದಲ್ಲೊಂದು ತಿರುಪು ಇದೆ, ತಿರುಗಿಸಿದರೆ ನೀರು ಹೊರಕ್ಕೆ.

ಕೂರಿಸುವಾಗ ಗಮನಿಸಬೇಕಾದದ್ದನ್ನು ಪಟ್ಟಿ ಮಾಡಿಕೊಂಡೆ. ಮೊದಲ ಫಿಲ್ಟರು ಸ್ವಲ್ಪ ದಪ್ಪ ಜಾಲರಿಯದ್ದಾಗಿ, ಹತ್ತರಿಂದ ಮೂವತ್ತು ಮೈಕ್ರಾನಿನದ್ದಾಗಿರಲಿ. ನಯವಾದದ್ದನ್ನು ಹಿಡಿಯುವುದು ಕಂಪನಿಯ ಫಿಲ್ಟರಿನ ಕೆಲಸ. ಎರಡೂ ನಯವಾದರೆ ಪಂಪು ಎಳೆಯಲಾರದೆ ಇಂಜಿನ್ ಹಸಿದು ನಿಲ್ಲುತ್ತದೆ. ಇಂಜಿನ್ನಿಗೆ ಬೇಕಾದಷ್ಟು ಡೀಸೆಲ್ ಹರಿಯುವ ಅಳತೆಯದ್ದನ್ನೇ ಕೊಳ್ಳಬೇಕು. ಸೈಲೆನ್ಸರಿನ ಬಿಸಿ ತಾಗದ, ಕಲ್ಲು ಸಿಡಿಯದ, ಕೈಗೆ ಎಟಕುವ ಜಾಗ ನೋಡಬೇಕು. ಡೀಸೆಲ್ಲಿಗೆಂದೇ ಮಾಡಿದ ಪೈಪು, ಬಿಗಿಯಾದ ಕ್ಲಿಪ್ಪು ಇರಬೇಕು, ಇಲ್ಲವಾದರೆ ಗಾಳಿ ಹೀರಿಕೊಂಡು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಹೊಸ ಫಿಲ್ಟರಿಗೆ ಡಬ್ಬಿಯಿಂದ ಡೀಸೆಲ್ ಸುರಿದು ತುಂಬಿಸಬಾರದು, ಕೈಪಂಪು ಒತ್ತಿ ಎಳೆಸಿಕೊಳ್ಳಬೇಕು. ವಾರಂಟಿ ಇರುವ ಹೊಸ ಗಾಡಿಯಾದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳದೆ ಕೈ ಹಾಕಬೇಡಿ.

ಇನ್ನು ಮುಖ್ಯವಾದ ಮಾತು. ಭಾನುವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಬಟ್ಟಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ನೋಡುವ ಕೆಲಸ ನನ್ನದಾಯಿತು. ರಾತ್ರಿಯೆಲ್ಲ ನಿಂತಿರುವುದರಿಂದ ನೀರು ತಳಕ್ಕಿಳಿದಿರುತ್ತದೆ. 2022ರ ಜೂನಿನಲ್ಲಿ ಬಾಟಲಿಯ ತಳದಲ್ಲಿ ಹೆಬ್ಬೆರಳ ಎತ್ತರ ನೀರು. ಇವರು ಆಗಲೇ ಹಳೇ ಬಂಕು ಬಿಟ್ಟು ಬೇರೆ ಬಂಕಿಗೆ ಹೋಗುತ್ತಿದ್ದರು! "ಎಲ್ಲ ಬಂಕಿನವರೂ ಒಂದೇ" ಎಂದು ರೇಗಿದರು. ನಾನು ಮಾತ್ರ ಗಾಡಿಯ ಸುತ್ತ ಒಂದು ಸುತ್ತು ಬಂದೆ. ಇವರು ದಿನಾ ಗಾಡಿ ನಿಲ್ಲಿಸುವುದು ಕೊಟ್ಟಿಗೆಯ ಮಗ್ಗುಲಲ್ಲಿ. ಹಂಚಿನ ಸೂರಿನ ನೀರು ಧೋ ಎಂದು ಬೀಳುವುದು ಟ್ಯಾಂಕಿನ ಮುಚ್ಚಳದ ಮೇಲೇ! ಮುಚ್ಚಳ ತೆಗೆದು ನೋಡಿದರೆ ಒಳಗಿನ ರಬ್ಬರು ಒಣಗಿ ಸೀಳಿತ್ತು. ಹೊಸ ಮುಚ್ಚಳ ಹಾಕಿಸಿ, ಗಾಡಿ ನಿಲ್ಲಿಸುವ ಜಾಗ ಬದಲಿಸಿದ ಮೇಲೆ ವಾರಕ್ಕೆ ನಾಲ್ಕಾರು ಹನಿ ಅಷ್ಟೆ. ಮೊದಲ ಸಲದ ನೀರು ಬಂಕಿನದೋ ಸೂರಿನದೋ ಇನ್ನು ಹೇಳಲಾಗದು. ಆದರೆ ನಾಲ್ಕು ಸಾವಿರದ ಆ ಬಟ್ಟಲು ನೀರು ತಡೆದದ್ದಷ್ಟೇ ಅಲ್ಲ, ಇವರ ಸಿಟ್ಟು ಸುಮ್ಮನೆ ಒಬ್ಬರ ಮೇಲೆ ಬೀಳದ ಹಾಗೂ ಮಾಡಿತು.

ಅಲ್ಲಿಂದೀಚೆಗೆ ಇಂಜೆಕ್ಟರು ಬಿಚ್ಚಿಲ್ಲ. ಫಿಲ್ಟರುಗಳನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸುತ್ತೇವೆ. 2023ರ ದೀಪಾವಳಿಗೆ ಬಳೆಯೂ ಕೈಗೆ ಬಂತು. ಗಾಡಿ ಮಾರುವ ಮಾತು ಮತ್ತೆ ಬರಲಿಲ್ಲ.

ಗಾಡಿ ಇರುವ ಮನೆಯ ಸೋದರಿಯರಿಗೆ ಕೆಲವು ಕಿವಿಮಾತು. ರಾತ್ರಿ ಟ್ಯಾಂಕು ಖಾಲಿ ಬಿಡಬೇಡಿ, ಖಾಲಿ ಜಾಗದ ಗಾಳಿಯಲ್ಲಿರುವ ತೇವ ತಂಪಿಗೆ ನೀರಾಗಿ ಇಳಿಯುತ್ತದೆ. ಬಂಕಿನಲ್ಲಿ ಟ್ಯಾಂಕರಿನಿಂದ ಡೀಸೆಲ್ ಇಳಿಸುತ್ತಿದ್ದರೆ ಆಗ ಹಾಕಿಸಬೇಡಿ, ತಳದ ಕಸ ಕದಡಿರುತ್ತದೆ. ಬಿಲ್ಲು ಇಸಿದುಕೊಂಡು ಮೊಳೆಗೆ ಸಿಕ್ಕಿಸಿಡಿ. ಡೆನ್ಸಿಟಿ ತೋರಿಸಿ ಎಂದು ಕೇಳಲು ಗಿರಾಕಿಗೆ ಹಕ್ಕಿದೆ. ನೆಲದಡಿಯ ಟ್ಯಾಂಕಿನಲ್ಲಿ ನೀರಿದೆಯೇ ಎಂದು ನೋಡಲು ಬಂಕಿನವರ ಬಳಿ ಬಣ್ಣ ತಿರುಗುವ ಪೇಸ್ಟು ಇರುತ್ತದೆ, ಅಳತೆ ಕೋಲಿಗೆ ಹಚ್ಚಿ ಇಳಿಸುತ್ತಾರೆ. ಗಾಡಿಯ ಬೋರ್ಡಿನ ದೀಪಗಳು ಏನೇನು ಹೇಳುತ್ತವೆಂದು ಮಕ್ಕಳಿಂದ ಓದಿಸಿ ತಿಳಿದುಕೊಳ್ಳಿ. ಬಗ್ಗಿಸಿದ ನೀರು ಬೆರೆತ ಡೀಸೆಲ್ಲನ್ನು ಮೋರಿಗೆ, ಗಿಡದ ಬುಡಕ್ಕೆ ಚೆಲ್ಲಬೇಡಿ. ಒಲೆಗಂತೂ ಖಂಡಿತ ಬೇಡ. ಕ್ಯಾನಿನಲ್ಲಿ ಕೂಡಿಟ್ಟು ಗ್ಯಾರೇಜಿಗೆ ಕೊಡಿ.

ಕೈಗೆ ಡೀಸೆಲ್ ವಾಸನೆ ಹತ್ತಿದರೆ ಕಡಲೆಹಿಟ್ಟು ಹಾಕಿ ಉಜ್ಜಿ, ನಿಂಬೆ ಸಿಪ್ಪೆಯಲ್ಲಿ ತಿಕ್ಕಿ ಸೋಪು ಹಾಕಿ ತೊಳೆದರಾಯಿತು. ಆಮೇಲೆ ಧಾರಾಳವಾಗಿ ದೋಸೆ ಹುಯ್ಯಲು ಹೋಗಬಹುದು.