ಪ್ರಿಂಟರಿನ ಹಣೆಗೊಂದು ಚೀಟಿ

ಆಫೀಸಿನ ಪ್ರಿಂಟರ್ ಮೂರು ಮಾರು ದೂರದಲ್ಲಿ ಹಸಿರು ದೀಪ ಹೊತ್ತಿಸಿಕೊಂಡು ಕೂತಿದೆ. ಕೈಯಲ್ಲಿರುವ ಫೋನು ಮಾತ್ರ ಬೆಳಬೆಳಗ್ಗೆಯೇ ‘ಯಾವ ಪ್ರಿಂಟರೂ ಸಿಗಲಿಲ್ಲ’ ಎನ್ನುತ್ತದೆ. ಸಿಟ್ಟು ಬರಬೇಕಾದ್ದೇ, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಫೋನಿಗೆ ಕೈಲಾಗದು ಎನ್ನುವ ಹಾಗಿಲ್ಲ. ತೊಂಬತ್ತರ ದಶಕದ ಅಂಗೈ ಕಂಪ್ಯೂಟರುಗಳ ಬಗ್ಗೆ ಹಾಗೆನ್ನಬಹುದಿತ್ತೇನೋ. ಆಗಲೂ ಕೆಲವು ಲೇಸರ್ ಪ್ರಿಂಟರುಗಳಿಗೆ ಇನ್‌ಫ್ರಾರೆಡ್ ಕಿಂಡಿ ಇರುತ್ತಿತ್ತು, ಬೇಕಾದ ತಂತ್ರಾಂಶ ಹಾಕಿಕೊಂಡು ಯಂತ್ರವನ್ನು ಅದಕ್ಕೆ ಎದುರಾಗಿ ಹಿಡಿದರೆ ಹಾಳೆ ಬರುತ್ತಿತ್ತು. 2010ರ ನವೆಂಬರಿನಲ್ಲಿ ಐಫೋನಿಗೆ ಏರ್‌ಪ್ರಿಂಟ್ ಬಂತು, 2013ರಲ್ಲಿ ಆಂಡ್ರಾಯ್ಡ್ 4.4ರ ಜೊತೆಗೇ ಪ್ರಿಂಟ್ ಸೌಕರ್ಯ ಬಂತು. ಡ್ರೈವರಿನ ಗೋಜಿಲ್ಲ, ಇಡೀ ಪುಟವನ್ನು ಫೋನೇ ಚಿತ್ರ ಮಾಡಿ ಕಳಿಸಬಲ್ಲದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಕಡತ ತೆರೆದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡವರಿಗೆ ಇದರ ಬೆಲೆ ಗೊತ್ತು: ಪರದೆಯ ಮೇಲೆ ಒತ್ತಕ್ಷರ ಸರಿಯಾಗಿದ್ದರೆ ಕಾಗದದ ಮೇಲೂ ಸರಿಯಾಗಿರುತ್ತದೆ.

ಹಾಗಾದರೆ ತಪ್ಪು ನಡುವಿನ ಗೋಡೆಯದು. ಪ್ರಿಂಟರ್ ಹುಡುಕುವ ಫೋನು 224.0.0.251 ಎಂಬ ವಿಳಾಸದಲ್ಲಿ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ’ ಎಂದು ಕೂಗು ಹಾಕುತ್ತದೆ. ಕೇಳಿಸಿಕೊಂಡ ಪ್ರಿಂಟರ್ ಓಗೊಡುತ್ತದೆ. ಈ ಕೂಗು ತನ್ನ ಕೇರಿ ದಾಟುವಂತಿಲ್ಲ, ರೂಟರ್ ಅದನ್ನು ಆಚೆಗೆ ಬಿಡುವುದಿಲ್ಲ. ಮನೆಯಲ್ಲಿ ಇರುವುದೇ ಒಂದು ಕೇರಿ, ತೊಂದರೆಯಿಲ್ಲ. ಆಫೀಸಿನಲ್ಲಿ ಫೋನುಗಳಿಗೆ ಒಂದು ವೈಫೈ, ಪ್ರಿಂಟರಿಗೂ ಡೆಸ್ಕ್‌ಟಾಪ್‌ಗಳಿಗೂ ಇನ್ನೊಂದು ನೆಟ್‌ವರ್ಕ್. ಆಂಡ್ರಾಯ್ಡ್ ಫೋನಿನಲ್ಲಿ ಪ್ರಿಂಟರಿನ ಐಪಿ ವಿಳಾಸವನ್ನು ನಾವೇ ಬರೆದುಕೊಡುವ ಸೌಲಭ್ಯವಿದೆ. ಎರಡು ನೆಟ್‌ವರ್ಕುಗಳ ನಡುವಿನ ದಾರಿ ಪೂರ್ತಿ ಮುಚ್ಚಿರದಿದ್ದರೆ, ವಿಳಾಸ ಕೊಟ್ಟೊಡನೆ ‘ಸಿಗದ’ ಅದೇ ಪ್ರಿಂಟರ್ ತೆಪ್ಪಗೆ ಹಾಳೆ ಹೊರಹಾಕುತ್ತದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಳೆ ಎಂದಾಗ ನೆನಪಾಯಿತು, ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ಮೈಯುರಿಸುವುದು ಲೆಟರ್ ಅಳತೆ. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಕೇಳದೆಯೇ ಕೊಡುವುದು ಎ4: 210 ಮಿಲಿಮೀಟರ್ ಅಗಲ, 297 ಉದ್ದ. ಅಮೆರಿಕದ ಲೆಟರ್ 216 ಅಗಲ, 279 ಉದ್ದ. ನಮ್ಮವರಲ್ಲಿ ಆ ಹಾಳೆಯನ್ನು ಕಣ್ಣಾರೆ ಕಂಡವರು ಕಡಿಮೆ. ಆದರೂ ‘ಇಂಗ್ಲಿಷ್ (ಅಮೆರಿಕ)’ ಎಂದು ಭಾಷೆ ಆರಿಸಿಕೊಂಡ ಫೋನು ಹಲವು ಬಾರಿ ಸದ್ದಿಲ್ಲದೆ ಲೆಟರ್ ಅಳತೆಯನ್ನೇ ಕೇಳುತ್ತದೆ. ಸ್ವಂತ ಪ್ರಿಂಟರ್ ಆದರೆ ಹಾಳಾಗುವುದು ನಿಮ್ಮ ಹೊತ್ತು ಮಾತ್ರ. ಹತ್ತಾರು ಜನರ ಪ್ರಿಂಟರ್ ಇಲ್ಲದ ಕಾಗದಕ್ಕಾಗಿ ಕೆಂಪು ದೀಪ ಮಿನುಗಿಸುತ್ತ ನಿಂತರೆ, ಹಿಂದೆ ಸಾಲಿನಲ್ಲಿರುವ ಸಂಬಳದ ಪಟ್ಟಿ, ರಜೆ ಅರ್ಜಿ, ಬ್ಯಾಂಕಿನ ಪತ್ರ ಎಲ್ಲವೂ ನಿಲ್ಲುತ್ತವೆ. ನಮ್ಮ ಸುಪ್ರೀಂ ಕೋರ್ಟೇ 2020ರಲ್ಲಿ ಎ4 ಹಾಳೆಗೆ ಇಳಿಯಿತು. ಆರೇ ಮಿಲಿಮೀಟರ್ ಅಗಲದ ಹಟ ಈ ಯಂತ್ರಗಳಿಗೇಕೆ?

ಇರಲಿ, ಗೋಡೆಗೆ ಬರೋಣ. ಗೋಡೆ ಕಟ್ಟಿದವರು ಹೇಳುವ ಕಾರಣ ತಳ್ಳಿಹಾಕುವಂಥದ್ದಲ್ಲ. ಯಾರದೋ ಫೋನಿನಲ್ಲಿ ಏನೇನು ಸೇರಿಕೊಂಡಿರುತ್ತದೋ, ಅದನ್ನು ಲೆಕ್ಕಪತ್ರದ ಕಂಪ್ಯೂಟರುಗಳ ಪಕ್ಕಕ್ಕೆ ಬಿಡುವುದು ಹೇಗೆ? ಸರಿ. ಆದರೆ ದಾರಿ ಮುಚ್ಚಿದೊಡನೆ ಜನ ಪ್ರಿಂಟ್ ಬಿಟ್ಟುಬಿಡುತ್ತಾರೆಯೇ? ಕೆಳಗಿನ ಝೆರಾಕ್ಸ್ ಅಂಗಡಿಯ ನಂಬರಿಗೆ ವಾಟ್ಸಾಪ್ ಮಾಡುತ್ತಾರೆ. ಐದು ರೂಪಾಯಿಗೋ ಹತ್ತು ರೂಪಾಯಿಗೋ ಪ್ರಿಂಟ್ ಸಿಗುತ್ತದೆ. ಆಧಾರ್, ಪ್ಯಾನ್, ಸಂಬಳದ ಚೀಟಿ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಕಡತಕೋಶದಲ್ಲೇ ಉಳಿಯುತ್ತವೆ. ಸುರಕ್ಷತೆಗೆಂದು ಎದ್ದ ಗೋಡೆ ಗುಟ್ಟಿನ ಕಾಗದವನ್ನೇ ಬೀದಿಗೆ ಅಟ್ಟಿದಂತಾಯಿತು. ಅಂತರ್ಜಾಲದ ಮೂಲಕ ಕಳಿಸಬಹುದಲ್ಲ ಎಂಬ ಸಲಹೆಯೂ ಉಂಟು. ಗೂಗಲ್ ಕ್ಲೌಡ್ ಪ್ರಿಂಟ್ ಹಾಗೆಯೇ ಕೆಲಸ ಮಾಡುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು, ನೆಚ್ಚಿಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. ಇನ್ನು ಪ್ರಿಂಟೇ ಯಾಕೆ, ಎಲ್ಲವನ್ನೂ ಫೋನಿನಲ್ಲೇ ತೋರಿಸಿ ಎನ್ನುವವರು ಯಾವುದಾದರೂ ಕೌಂಟರಿನ ಮುಂದೆ ಹೋಗಿ ಹಾಗೆ ಹೇಳಿ ನೋಡಲಿ.

ನೆಟ್‌ವರ್ಕ್ ನೋಡಿಕೊಳ್ಳುವವರಲ್ಲಿ ಕೇಳುವುದಿಷ್ಟೆ. ಗೋಡೆ ಇರಲಿ, ಪ್ರಿಂಟಿಗೆ ಬೇಕಾದ 631ನೇ ಪೋರ್ಟಿನಷ್ಟು ಬಾಗಿಲು ತೆಗೆಯಿರಿ; ಫೋನಿನ ಕೂಗನ್ನು ಆಚೆಗೆ ಮುಟ್ಟಿಸುವ ಸೌಕರ್ಯ ಅನೇಕ ರೂಟರುಗಳಲ್ಲಿ ಇದೆ, ಅದನ್ನು ಆನ್ ಮಾಡಿ. ಕೂಗು ಮುಟ್ಟಿಸಲು ಆಗದಿದ್ದರೆ ಪ್ರಿಂಟರಿನ ಹಣೆಗೆ ಅದರ ಐಪಿ ವಿಳಾಸ ಬರೆದ ಚೀಟಿಯೊಂದನ್ನು ಅಂಟಿಸಿ, ಕರೆಂಟು ಹೋಗಿ ಬಂದಾಗ ಆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ.