ಖಾಲಿ ಮಾಡುವ ಸುಖ

ಮಾರ್ಚ್ ಬಂತೆಂದರೆ ಮಂಗಳೂರಿನ ನಮ್ಮ ಬೀದಿಯಲ್ಲಿ ಕೋಗಿಲೆಗಿಂತ ಮೊದಲೇ ಕೇಳಿಸುವ ಸದ್ದೊಂದಿದೆ: 'ಸ್ಸ್ಸ್ಸ್'. ನಾಲ್ಕೈದು ಸೆಕೆಂಡಿನಲ್ಲಿ ಮುಗಿದು ಹೋಗುತ್ತದೆ. ಯಾರದೋ ಮನೆಗೆ ಹೊಸ ಏಸಿ ಬಂದಿದೆ, ಗೋಡೆಗೇರಿದೆ, ಪೈಪುಗಳ ಜೋಡಣೆಯೂ ಆಗಿದೆ, ಈಗ ಕೂರಿಸುವ ಹುಡುಗ ಔಟ್‌ಡೋರಿನ ವಾಲ್ವನ್ನು ಒಂಚೂರು ತಿರುಗಿಸಿ, ಇನ್ನೊಂದು ಪೈಪಿನ ನಟ್ಟನ್ನು ಸಡಿಲ ಬಿಟ್ಟು, ಏಸಿಯದೇ ಗ್ಯಾಸಿನಿಂದ ಪೈಪಿನೊಳಗಿನ ಗಾಳಿಯನ್ನು ಹೊರಗೆ ದಬ್ಬುತ್ತಿದ್ದಾನೆ ಎಂದರ್ಥ. ಮೊನ್ನೆ ಪಕ್ಕದ ಮನೆಯಿಂದ ಈ ಸದ್ದು ಬಂದಾಗ ನಾನು ಪೇಪರು ಮಡಚಿಟ್ಟು ಎದ್ದೇಬಿಟ್ಟೆ. "ಕೂತ್ಕೊಳ್ಳಿ, ಅದು ಅವರ ಏಸಿ" ಎಂದಳು ಹೆಂಡತಿ, ಹೆಸರುಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆಯೇ. ಕೂತುಕೊಂಡೆ. ಆದರೆ ಆ ದಿನದ ಪೇಪರಿನಲ್ಲಿ ಏನಿತ್ತೆಂದು ಕೇಳಿದರೆ ಹೇಳಲಾರೆ.

ನಿವೃತ್ತಿಯ ನಂತರ ಕೆಲವರು ತೋಟ ಮಾಡುತ್ತಾರೆ, ಕೆಲವರು ಯಕ್ಷಗಾನದ ಅರ್ಥಗಾರಿಕೆಗೆ ಕೂರುತ್ತಾರೆ. ನನಗೆ ಹತ್ತಿದ್ದು ಸ್ಪ್ಲಿಟ್ ಏಸಿ ಕೂರಿಸುವ ಚಟ. ನಮ್ಮ ಮನೆಯದ್ದು ಮುಗಿಯಿತು, ಅಕ್ಕನ ಮನೆಯದ್ದು ಮುಗಿಯಿತು, ಈಗ ಏಸಿ ಕೊಳ್ಳುವ ಯೋಚನೆಯಲ್ಲಿರುವ ನೆಂಟರನ್ನು ಮದುವೆಮನೆಗಳಲ್ಲಿ ಹುಡುಕುತ್ತಿರುತ್ತೇನೆ. ನನಗೆ ನನ್ನದೇ ಕಟ್ಟುಪಾಡುಗಳಿವೆ. ಕರೆಂಟಿನ ಲೈನು, ಎಂಸಿಬಿ, ಅರ್ಥಿಂಗ್ ಲೈಸೆನ್ಸಿರುವ ಎಲೆಕ್ಟ್ರಿಷಿಯನ್ನನ ಕೆಲಸ, ಅದಕ್ಕೆ ಕೈ ಹಾಕುವುದಿಲ್ಲ. ತಮ್ಮವರೇ ಕೂರಿಸಿದರೆ ಮಾತ್ರ ವಾರಂಟಿ ಎಂದು ಕಂಪನಿ ಬರೆದಿದ್ದರೆ ಆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಔಟ್‌ಡೋರು ನೆಲದ ಮೇಲೋ ತಾರಸಿಯ ಮೇಲೋ ಕೂರುವಂತಿರಬೇಕು, ಮೂರನೇ ಮಹಡಿಯ ಹೊರಗೋಡೆಗೆ ನೇತುಬೀಳುವ ಉಮೇದು ನನಗಿಲ್ಲ.

ಗೋಡೆಯ ಮಾತು ಬಂತಲ್ಲ. ಕರಾವಳಿಯ ಕೆಂಪುಕಲ್ಲಿನ ಗೋಡೆಗೆ ತೂತು ಕೊರೆಯುವುದು ಬೇರೆಯೇ ವಿದ್ಯೆ. ಬೆಂಗಳೂರಿನಲ್ಲಿ ಕಾಂಕ್ರೀಟು ಕೊರೆದು ಪಳಗಿದ ನನ್ನ ಷಡ್ಡಕ ಒಮ್ಮೆ ಬಂದವನೇ ಡ್ರಿಲ್ಲನ್ನು ಹ್ಯಾಮರಿಗೆ ಹಾಕಿ ಒತ್ತಿದ. ಒಳಗಡೆ ಚೆಂದದ ದುಂಡು ತೂತು, ಹೊರಗಡೆ ತೆಂಗಿನಕಾಯಿ ಹೋಗುವಷ್ಟು ಗವಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ನೆಲದೊಳಗಿರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಒಗ್ಗುತ್ತದೆ, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಎಂದು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ಬರೆದದ್ದು ಸರಿಯೇ, ಆದರೆ ಅವನ ಕೈಯಲ್ಲಿ ಹ್ಯಾಮರ್ ಡ್ರಿಲ್ ಇರಲಿಲ್ಲ. ಈ ಕಲ್ಲಿಗೆ ಹ್ಯಾಮರ್ ಆಗದು. ಬರೀ ತಿರುಗುವ ಕೋರ್ ಬಿಟ್, ಕಡಿಮೆ ವೇಗ, ಅರ್ಧ ಒಳಗಿನಿಂದ, ಅರ್ಧ ಹೊರಗಿನಿಂದ. ತೂತು ಹೊರಗಡೆಗೆ ಒಂದಿಷ್ಟು ಇಳಿಜಾರಾಗಿರಬೇಕು, ಇಲ್ಲದಿದ್ದರೆ ಆಟಿಯ ಮಳೆ ನೇರ ಮಂಚಕ್ಕೆ. ಸಾಮಾನ್ಯ ಆಂಕರ್ ಬೋಲ್ಟು ಈ ಕಲ್ಲಿನಲ್ಲಿ ಹಿಡಿದಂತೆ ನಟಿಸುತ್ತದೆ ಅಷ್ಟೆ. ಭಾರದ ವಸ್ತುವಿದ್ದರೆ ಗೋಡೆಯ ಆ ಬದಿಯಿಂದ ಈ ಬದಿಗೆ ಹಾಯುವ ಬೋಲ್ಟು, ಹಿಂದೆ ಒಂದು ಪ್ಲೇಟು.

ಇದೆಲ್ಲ ಮೈ ಬೆವರಿಸುವ ಕೆಲಸ. ಮನಸ್ಸಿಗೆ ಹಿತವಾಗುವುದು ತಾಮ್ರದ ಪೈಪು ಕೈಗೆ ಬಂದಾಗ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುವವರ ಜೊತೆ ನನಗೆ ಮಾತಿಲ್ಲ. ಪೈಪ್ ಕಟರನ್ನು ಸುತ್ತಿ ಸುತ್ತಿ, ಪ್ರತಿ ಸುತ್ತಿಗೆ ಕೂದಲೆಳೆಯಷ್ಟು ಬಿಗಿದು ಕತ್ತರಿಸಬೇಕು. ಆಮೇಲೆ ಪೈಪಿನ ಬಾಯಿಯನ್ನು ನೆಲಕ್ಕೆ ಮುಖಮಾಡಿ ಹಿಡಿದು ಅಂಚನ್ನು ರೀಮರಿನಿಂದ ಹೆರೆಯಬೇಕು, ತಾಮ್ರದ ಪುಡಿ ಒಳಗೆ ಬೀಳದೆ ಕೆಳಗೆ ಉದುರಲಿ ಎಂದು. ಫ್ಲೇರಿಂಗ್ ಟೂಲಿನ ಹಿಡಿ ತಿರುಗಿಸುತ್ತ ಹೋದಂತೆ ಪೈಪಿನ ತುದಿ 45 ಡಿಗ್ರಿಗೆ ಹೊರಕ್ಕೆ ಅರಳುತ್ತದೆ. ಒಳಮೈ ಹೊಳೆಯಬೇಕು, ಸೀಳಿರಬಾರದು, ಗೀರಿರಬಾರದು, ಒಂದು ಬದಿ ಅಗಲ ಒಂದು ಬದಿ ಕಿರಿದು ಆಗಿರಬಾರದು. ಹಾಗೆ ಬಂದ ಫ್ಲೇರನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತರೆ ನನಗೆ ಹಸಿವೆಯ ನೆನಪಾಗುವುದಿಲ್ಲ.

ಆ ಚೆಂದದ ಫ್ಲೇರಿನ ನಟ್ಟಿಗೆ ಬಿಳಿ ಟೆಫ್ಲಾನ್ ಟೇಪು ಸುತ್ತುವ ಜನರಿದ್ದಾರೆ! ನಲ್ಲಿಗೆ ಸುತ್ತಿದರೆ ಸರಿ, ಅಲ್ಲಿ ನೀರು ತಡೆಯುವುದು ಥ್ರೆಡ್ಡು. ಇಲ್ಲಿ ಗ್ಯಾಸು ತಡೆಯುವುದು ತಾಮ್ರಕ್ಕೆ ಹಿತ್ತಾಳೆ ಒತ್ತಿಕೊಂಡ ಆ ಇಳಿಜಾರು ಅಂಚು. ಥ್ರೆಡ್ಡಿನ ಕೆಲಸ ಎರಡನ್ನೂ ಎಳೆದು ಹಿಡಿಯುವುದು ಮಾತ್ರ. ಅದಕ್ಕೊಂದು ಲೆಕ್ಕವೂ ಇದೆ: ಕಾಲಿಂಚು ನಟ್ಟಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿನದ್ದಕ್ಕೆ 50ರಿಂದ 60. ಟಾರ್ಕ್ ರೆಂಚ್ 'ಟಕ್' ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. "ನಂಗೆ ಕೈಯಲ್ಲೇ ಗೊತ್ತಾಗ್ತದೆ ಮಾರಾಯ್ರೆ" ಅನ್ನುವ ವೀರರು ಕಾಲಿಂಚಿನ ಫ್ಲೇರನ್ನು ಅಪ್ಪಚ್ಚಿ ಮಾಡಿ ಅರ್ಧ ಇಂಚಿನದ್ದನ್ನು ಸಡಿಲ ಬಿಟ್ಟಿರುತ್ತಾರೆ. ಕೈ ಒಂದೇ, ನಟ್ಟು ಎರಡು ಅಳತೆಯದ್ದು.

ಈಗ ಆ 'ಸ್ಸ್ಸ್ಸ್' ಸಂಗತಿ. ಪೈಪಿನಲ್ಲಿರುವ ಗಾಳಿಯನ್ನು ತೆಗೆಯಬೇಕೆನ್ನುವುದರಲ್ಲಿ ತಕರಾರಿಲ್ಲ. ಗಾಳಿ ಉಳಿದರೆ ಅದು ಔಟ್‌ಡೋರಿನ ಕಾಯಿಲಿನಲ್ಲಿ ದ್ರವವಾಗದೆ ಜಾಗ ಹಿಡಿದು ಕೂತು ಒತ್ತಡವನ್ನೂ ಕರೆಂಟಿನ ಬಿಲ್ಲನ್ನೂ ಏರಿಸುತ್ತದೆ. ಆದರೆ ಅಸಲು ಶತ್ರು ಗಾಳಿಯ ಜೊತೆ ಬಂದ ನೀರು. ನಮ್ಮ ಕರಾವಳಿಯ ಗಾಳಿಯಲ್ಲಿ ಅದೆಷ್ಟು ನೀರಿದೆಯೆಂದು ಹಪ್ಪಳದ ಡಬ್ಬಿಯ ಮುಚ್ಚಳ ಮರೆತವರಿಗೆಲ್ಲ ಗೊತ್ತು. ಆ ತೇವ ತಾಮ್ರದ ಒಳಮೈಗೆ ಅಂಟಿಕೊಂಡಿರುತ್ತದೆ. ನಾಲ್ಕು ಸೆಕೆಂಡು ಗ್ಯಾಸು ಹಾಯಿಸಿ ಪೈಪು ಒಣಗಿತು ಎನ್ನುವುದು, ಒಗೆದ ಸೀರೆಯನ್ನು ಒಮ್ಮೆ ಕೊಡವಿ ಉಟ್ಟುಕೊಂಡ ಹಾಗೆ.

ಹಿಂದೆ ಆರ್-22 ಗ್ಯಾಸಿನ ಕಾಲದಲ್ಲಿ ಇದು ಹೇಗೋ ನಡೆಯುತ್ತಿತ್ತು. ಆಗಿನ ಕಂಪ್ರೆಸರುಗಳಲ್ಲಿ ಇದ್ದದ್ದು ಖನಿಜ ಎಣ್ಣೆ, ಅದು ನೀರಿನ ಗೊಡವೆಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಈಗಿನ ಆರ್-32, ಆರ್-410ಎ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯೋಲ್ ಎಸ್ಟರ್ ಎಂಬ ಎಣ್ಣೆ. ಇದಕ್ಕೆ ನೀರೆಂದರೆ ಪ್ರಾಣ. ಸಿಕ್ಕಿದ ತೇವವನ್ನೆಲ್ಲ ಹೀರಿಕೊಂಡು, ಬಿಸಿಯಾದಾಗ ಅದರೊಂದಿಗೆ ಕೂಡಿ ನಿಧಾನಕ್ಕೆ ಆಮ್ಲವಾಗುತ್ತದೆ. ಆಮ್ಲ ಕಂಪ್ರೆಸರಿನ ಮೋಟಾರಿನ ಸುರುಳಿಯ ಹೊದಿಕೆಯನ್ನು ತಿನ್ನುತ್ತದೆ. ಅದು ಸುಟ್ಟುಹೋಗುವುದು ಇವತ್ತಲ್ಲ, ನಾಳೆಯಲ್ಲ, ವಾರಂಟಿ ಮುಗಿದ ಮರುವರ್ಷ. ಆಗ ಬರುವ ಮೆಕ್ಯಾನಿಕ್ "ವೋಲ್ಟೇಜ್ ಪ್ರಾಬ್ಲಮ್" ಅನ್ನುತ್ತಾನೆ. ಮನೆಯವರು ತಲೆ ಅಲ್ಲಾಡಿಸುತ್ತಾರೆ. ಯಾರಿಗೂ ಆ ನಾಲ್ಕು ಸೆಕೆಂಡಿನ ನೆನಪಿರುವುದಿಲ್ಲ.

ಗ್ಯಾಸಿನ ಲೆಕ್ಕವೂ ಇದೆ. ಆರ್-32 ನೂರು ವರ್ಷದ ಅಂದಾಜಿನಲ್ಲಿ ಇಂಗಾಲದ ಡೈ ಆಕ್ಸೈಡಿನ 675 ಪಟ್ಟು ಬಿಸಿ ಹಿಡಿಯುತ್ತದೆ. ಐವತ್ತು ಗ್ರಾಂ ಬಿಟ್ಟರೆ 34 ಕಿಲೋ ಬಿಟ್ಟ ಹಾಗಾಯಿತು. ಜೊತೆಗೆ ಅದು, ಮಂದವಾಗಿಯಾದರೂ, ಉರಿಯಬಲ್ಲ ಅನಿಲ. ಅದನ್ನು ಬಿಡುವ ಹುಡುಗನ ಪಕ್ಕದಲ್ಲೇ ಮನೆಯ ಯಜಮಾನರು ಸಿಗರೇಟು ಸೇದುತ್ತ ಉಸ್ತುವಾರಿ ನೋಡುತ್ತಿರುವುದನ್ನು ಕಂಡಿದ್ದೇನೆ.

ಆ ಹುಡುಗನ ಮೇಲೆ ರೇಗುವುದು ಸುಲಭ. ಒಬ್ಬನನ್ನು ಕರೆದು ಚಾ ಕೊಟ್ಟು ಕೇಳಿದೆ, ವ್ಯಾಕ್ಯೂಮ್ ಪಂಪ್ ಯಾಕೆ ತರಲಿಲ್ಲ ಅಂತ. "ಉಂಟು ಅಂಕಲ್, ಅಂಗಡಿಯಲ್ಲಿ ಉಂಟು. ತಂದ್ರೆ ಒಂದು ಮನೆಗೆ ಅರ್ಧ ಗಂಟೆ ಜಾಸ್ತಿ. ನಮಗೆ ದುಡ್ಡು ಪೀಸ್ ಲೆಕ್ಕ" ಎಂದ. ಅವನಿಗೆ ಆ ದಿನ ಇನ್ನೂ ಮೂರು ಮನೆ ಬಾಕಿಯಿತ್ತು. ಮಾರುವ ಅಂಗಡಿಯವರು ದೊಡ್ಡಕ್ಷರದಲ್ಲಿ 'ಇನ್‌ಸ್ಟಾಲೇಶನ್ ಫ್ರೀ' ಎಂದು ಬರೆದು ನೇತುಹಾಕುತ್ತಾರಲ್ಲ, ಆ ಫ್ರೀ ಬಂದದ್ದು ಈ ಅರ್ಧ ಗಂಟೆಯಿಂದ. ಅವನ ಸೊಂಟಕ್ಕೆ ಇರಬೇಕಿದ್ದ ಬೆಲ್ಟಿನಿಂದ. ನಲವತ್ತು ಸಾವಿರದ ಯಂತ್ರ ಕೊಳ್ಳುವವರು ರಿಮೋಟಿನ ಬಣ್ಣ ಕೇಳುತ್ತಾರೆ, ಸ್ಟಾರ್ ಎಣಿಸುತ್ತಾರೆ, ಇಎಂಐಯಲ್ಲಿ ಐನೂರು ರೂಪಾಯಿಗೆ ಚೌಕಾಶಿ ಮಾಡುತ್ತಾರೆ. ಮಳೆಗೆ ಪಾಚಿಗಟ್ಟಿದ ಸಜ್ಜಾದ ಮೇಲೆ ಒಂದು ಕಾಲಿಟ್ಟು, ಮೂವತ್ತು ಕಿಲೋದ ಔಟ್‌ಡೋರನ್ನು ಎದೆಗವಚಿಕೊಂಡು ನಿಂತ ಇಪ್ಪತ್ತರ ಹುಡುಗನನ್ನು ಕಿಟಕಿಯಿಂದ ನೋಡಿ "ಬೇಗ ಆಗ್ತದಾ?" ಎಂದು ಕೇಳುತ್ತಾರೆ. ಫ್ರೀ ಬೇಡ, ಇಷ್ಟು ದುಡ್ಡು ಕೊಡುತ್ತೇವೆ, ಬೆಲ್ಟು ಕಟ್ಟಿಕೋ, ಪಂಪ್ ತಾ ಅನ್ನುವ ಗಿರಾಕಿ ಹತ್ತರಲ್ಲಿ ಒಬ್ಬರಿದ್ದರೂ ಈ ಕಸುಬಿನ ಗತಿ ಬೇರೆಯಾಗುತ್ತಿತ್ತು. ಇಲ್ಲ. ಹೋಗಲಿ, ಇದನ್ನು ಬರೆಯುತ್ತ ಕೂತರೆ ನನ್ನ ಬಿಪಿ ಏರುತ್ತದೆ, ಅದಕ್ಕೆ ಯಾವ ಗೇಜೂ ಬೇಡ.

ಪಂಪಿನ ಹತ್ತಿರ ಹೋಗೋಣ, ನನ್ನ ಜೀವ ಇರುವುದು ಅಲ್ಲಿ. ಔಟ್‌ಡೋರಿನ ಸರ್ವೀಸ್ ಪೋರ್ಟಿಗೆ ಹೋಸು ಸಿಕ್ಕಿಸಿ ಗುಂಡಿ ಒತ್ತಿದರೆ ಮೊದಲು ಗಡಗಡ, ಆಮೇಲೆ ಸದ್ದು ಮೃದುವಾಗುತ್ತ ಹೋಗುತ್ತದೆ, ಎಳೆಯಲು ಗಾಳಿಯೇ ಉಳಿದಿಲ್ಲವಲ್ಲ. ಹೊರಗಿನ ವಾತಾವರಣ ನಮ್ಮನ್ನು ಒತ್ತುವುದು 760 ಮಿಲಿಮೀಟರು ಪಾದರಸದಷ್ಟು. ಒತ್ತಡ 32 ಮಿಲಿಮೀಟರಿಗೆ ಇಳಿಯುವಾಗ 30 ಡಿಗ್ರಿಯ ನೀರು ಕುದಿಯಲು ಶುರು. ಅಂದರೆ ನನ್ನ ಪೈಪಿನ ಗೋಡೆಗಂಟಿದ ತೇವ ಬೆಂಕಿಯಿಲ್ಲದೆ, ಬಿಸಿಯಿಲ್ಲದೆ, ತಾರಸಿಯ ನೆರಳಲ್ಲಿ ಕುದಿಯುತ್ತಿದೆ, ಆವಿಯಾಗಿ ಹೊರಗೆ ಹೋಗುತ್ತಿದೆ. ಕಣ್ಣಿಗೆ ಕಾಣುವುದಿಲ್ಲ. ನಂಬದ ಮೊಮ್ಮಗನಿಗಾಗಿ ಒಮ್ಮೆ ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಗಾಜಿನ ಪಾತ್ರೆಗೆ ನೀರು ಹಾಕಿ ಪಂಪ್ ಜೋಡಿಸಿ ತೋರಿಸಿದೆ. ನೀರು ಕೊತಕೊತ ಕುದಿಯಿತು. ಆಮೇಲೆ ಅವನೇ ಬೆರಳು ಅದ್ದಿ, "ಅಜ್ಜ, ತಣ್ಣಗುಂಟು!" ಎಂದ.

ತಣ್ಣಗಿರಲೇಬೇಕು. ಕುದಿಯಲು ಬೇಕಾದ ಶಾಖವನ್ನು ನೀರು ತನ್ನಿಂದಲೇ ಕಿತ್ತುಕೊಂಡಿತು. ವಿಲಿಯಂ ಕಲೆನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇದೇ ಗಾಳಿ ಎಳೆಯುವ ಪಂಪಿನಡಿ ಈಥರನ್ನು ಆವಿಯಾಗಿಸಿ, ಸುತ್ತಲಿನ ನೀರು ಮಂಜುಗಡ್ಡೆಯಾಗುವುದನ್ನು ಕಂಡು 1756ರಲ್ಲಿ ಪ್ರಬಂಧ ಪ್ರಕಟಿಸಿದ. ಮನುಷ್ಯ ಯಂತ್ರದಿಂದ ತಂಪು ತೆಗೆದ ಕತೆ ಅಲ್ಲಿಂದ ಶುರು. 1810ರಲ್ಲಿ ಜಾನ್ ಲೆಸ್ಲಿ ಪಂಪಿನ ಪಾತ್ರೆಯೊಳಗೆ ನೀರಿನ ಜೊತೆ ಗಂಧಕಾಮ್ಲವಿಟ್ಟು, ಎದ್ದ ಆವಿಯನ್ನು ಆಮ್ಲಕ್ಕೆ ಕುಡಿಸಿ, ನೀರನ್ನೇ ಗಡ್ಡೆ ಕಟ್ಟಿಸಿದ. ಏಸಿಗೂ ಮೊದಲು ಈ ಪಂಪು ತಾನೇ ತಂಪು ಮಾಡುತ್ತಿತ್ತು ಎಂದಾಯಿತು. ಕೂರಿಸುವ ಹುಡುಗರು ಅಂಗಡಿಯಲ್ಲಿ ಬಿಟ್ಟು ಬರುವುದು ತಮ್ಮ ಕಸುಬಿನ ಮುತ್ತಜ್ಜನನ್ನು.

ಈ ಮುತ್ತಜ್ಜನ ಹಳೆಯ ಚಾಳಿ ನಮಗೆ ಕೆಲವೊಮ್ಮೆ ತೊಂದರೆಯನ್ನೂ ಕೊಡುತ್ತದೆ. ಪೈಪಿನಲ್ಲಿ ನೀರು ಹನಿಯಾಗಿ ನಿಂತಿದ್ದರೆ, ಜೋರು ಪಂಪು ಅವಸರದಲ್ಲಿ ಎಳೆದಾಗ ಆ ಹನಿ ಕುದಿಕುದಿದೇ ಹೆಪ್ಪುಗಟ್ಟಿಬಿಡಬಹುದು. ಮಂಜುಗಡ್ಡೆ ಆವಿಯಾಗುವುದು ಬಹಳ ನಿಧಾನ. ಗೇಜು ಒಳ್ಳೆಯ ಅಂಕಿ ತೋರಿಸುತ್ತಿರುತ್ತದೆ, ನೀರು ಒಳಗೇ ಇರುತ್ತದೆ. ಅದಕ್ಕೇ ಬಲ್ಲವರು ನಡುವೆ ನಿಲ್ಲಿಸಿ, ಒಣ ನೈಟ್ರೋಜನ್ ತುಂಬಿ, ಒಳಗಿನದಕ್ಕೆ ಬಿಸಿ ಮುಟ್ಟಿಸಿ, ಮತ್ತೆ ಎಳೆಯುತ್ತಾರೆ. ನಾನು ಹೇಗೂ ಸೋರಿಕೆ ನೋಡಲು ನೈಟ್ರೋಜನ್ ಸಿಲಿಂಡರ್ ಬಾಡಿಗೆಗೆ ತಂದಿರುತ್ತೇನೆ, ಸಾಬೂನು ನೊರೆ ಹಚ್ಚಿ ಗುಳ್ಳೆ ಹುಡುಕುವ ಶಾಸ್ತ್ರ ಮುಗಿದ ಮೇಲೆ ಉಳಿದದ್ದನ್ನು ಇದಕ್ಕೆ ಬಳಸುತ್ತೇನೆ. "ನಿಮ್ಮ ವ್ಯಾಕ್ಯೂಮ್ ಮುಗಿಯುವಾಗ ಮಳೆಗಾಲ ಬರ್ತದೆ, ಮತ್ತೆ ಏಸಿ ಯಾಕೆ?" ಎಂದು ಹೆಂಡತಿ ಕೇಳಿದ್ದುಂಟು.

ಪಂಪ್ ಬಳಸುವ ನಮ್ಮ ಪಂಗಡದಲ್ಲೂ ಒಗ್ಗಟ್ಟಿಲ್ಲ. ಒಬ್ಬರು ಗಡಿಯಾರದವರು: ಹದಿನೈದು ನಿಮಿಷ ಓಡಿಸಿದರೆ ಸಾಕು, ಪುಸ್ತಕದಲ್ಲಿ ಹಾಗೇ ಇದೆ ಎನ್ನುತ್ತಾರೆ. ಇನ್ನೊಬ್ಬರು ಮೈಕ್ರಾನಿನವರು, ನಾನು ಈ ಪಂಗಡ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನು, ವಾತಾವರಣವೆಂದರೆ 7,60,000. ಸಾಮಾನ್ಯ ಗೇಜಿನ ಮುಳ್ಳು ಕೆಳಗೆ ಮುಟ್ಟಿ ಕೂತ ಮೇಲೆ ಅದಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ, ಅಸಲು ಕತೆ ನಡೆಯುವುದು ಅದರಾಚೆಗೆ. ಡಿಜಿಟಲ್ ಮೈಕ್ರಾನ್ ಗೇಜಿನಲ್ಲಿ 500ಕ್ಕೆ ಇಳಿಸಿ, ವಾಲ್ವು ಮುಚ್ಚಿ, ಪಂಪ್ ಆರಿಸಿ ಕಾಯಬೇಕು. ಅಂಕಿ ಸ್ವಲ್ಪ ಏರಿ ಒಂದೆಡೆ ನಿಂತರೆ ಇನ್ನೂ ತೇವವಿದೆ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇದೆ. ಇದ್ದಲ್ಲೇ ಇದ್ದರೆ ಅಲೆನ್ ಕೀ ತೆಗೆದು ಗ್ಯಾಸು ಬಿಡಬಹುದು. ಪೈಪೇ ತನ್ನ ಒಳಗಿನ ಸ್ಥಿತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತಿರುವಾಗ ಗಡಿಯಾರದ ಮುಖ ಯಾಕೆ ನೋಡಬೇಕು?

ಉಡುಪಿಯ ನನ್ನ ಗೆಳೆಯರೊಬ್ಬರು ಈ ಎರಡೂ ಪಂಗಡಕ್ಕೆ ಸೇರಿದವರಲ್ಲ. ಪಂಪ್ ಚಾಲೂ ಮಾಡಿ ಊಟಕ್ಕೆ ಕೂರುತ್ತಾರೆ, ಕೈ ತೊಳೆದು ಬಂದು ಆರಿಸುತ್ತಾರೆ. ಎಷ್ಟು ಹೊತ್ತು ಎಂದು ಕೇಳಿದರೆ ಊಟ ಆಗುವಷ್ಟು ಹೊತ್ತು. ನಾನು ಎಷ್ಟು ವಾದಿಸಿದರೂ ಜಗ್ಗಲಿಲ್ಲ. ಅವರು ಕೂರಿಸಿದ ಏಸಿಗಳನ್ನು ಒಮ್ಮೆ ಹೋಗಿ ನೋಡಿ ಬಂದೆ, ಎಲ್ಲವೂ ತಣ್ಣಗೆ ಓಡುತ್ತಿವೆ. ಅಷ್ಟಮಿಯ ದಿನ ಕೂರಿಸಿದ್ದಂತೂ ಬಹಳ ಚೆನ್ನಾಗಿದೆಯಂತೆ, ಅವತ್ತು ಎರಡು ಬಗೆಯ ಪಾಯಸವಿತ್ತು.